ಕೆರೆಯಂಚಿನ ಮನೆ ಕೊಂಡಿರಾ? ಜೊಂಡಿಗೆ ಕೈ ಹಾಕಬೇಡಿ

ಅಮೆರಿಕದ ಮಿನ್ನೆಸೋಟದಲ್ಲಿ ಕೆರೆ ಪಕ್ಕ ಮನೆ ತಗೊಂಡ ನಮ್ಮವರಿಗೆ ಮೊದಲ ಬೇಸಿಗೆಯಲ್ಲೇ ದಡ 'ಕ್ಲೀನ್' ಮಾಡುವ ಹುಮ್ಮಸ್ಸು ಬರುತ್ತೆ. ನನಗೂ ಬಂದಿತ್ತು. ಮೊಣಕಾಲುದ್ದ ನೀರಿಗಿಳಿದು ಎರಡು ಶನಿವಾರ ಜೊಂಡು ಕಿತ್ತೆ. ಪಕ್ಕದ ಮನೆ ಅಜ್ಜ ಕಾಫಿ ಕಪ್ ಹಿಡಿದು ನೋಡ್ತಾ ನಿಂತಿದ್ದರು, ಏನೂ ಹೇಳಲಿಲ್ಲ. ಇಲ್ಲಿನವರು ಹಾಗೇ. ಮುಂದಿನ ಏಪ್ರಿಲಿನಲ್ಲಿ ಗಾಳಿಗೆ ಸರಿದುಬಂದ ಹಿಮಗಡ್ಡೆ ದಡಕ್ಕೆ ಗುದ್ದಿತು, ಆಮೇಲೆ ಅಲೆಗಳು ಶುರುವಾದವು. ಒಂದು ಮಾರು ಜಾಗ ಕೆರೆಪಾಲು. ಮಣ್ಣು ಹಿಡಿದಿಟ್ಟಿದ್ದು ಆ ಬೇರುಗಳೇ ಅಂತ ಆಗ ಗೊತ್ತಾಯ್ತು. ನೀರಿನಿಂದ ತಲೆ ಎತ್ತಿ ನಿಂತ ಜೊಂಡನ್ನು ಕೀಳೋದಕ್ಕೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ (ಡಿಎನ್‌ಆರ್) ಪರ್ಮಿಟ್ ಬೇಕು ಅನ್ನೋದೂ ಆಗಲೇ ತಿಳಿದಿದ್ದು. ದೋಣಿಗೆ ದಾರಿ ಬೇಕಿದ್ದರೆ ಮೊದಲು ಅವರಿಗೆ ಫೋನ್ ಮಾಡಿ.

ಇನ್ನು ಹುಲ್ಲುಹಾಸು. ಗೊಬ್ಬರದ ಚೀಲದ ಮೇಲೆ ಮೂರು ಅಂಕಿ ಇರುತ್ತವೆ, ನಡುವಿನದು ರಂಜಕ (ಫಾಸ್ಫರಸ್). ಅದು ಸೊನ್ನೆ ಇರಬೇಕು. ಹೊಸದಾಗಿ ಹುಲ್ಲು ಹಾಕುವವರನ್ನೂ ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡವರನ್ನೂ ಬಿಟ್ಟರೆ, 2005ರಿಂದ ಇದು ಇಡೀ ರಾಜ್ಯಕ್ಕೆ ಕಾನೂನು. ಮಳೆಗೆ ಕೊಚ್ಚಿಹೋದ ಒಂದು ಪೌಂಡ್ ರಂಜಕ 500 ಪೌಂಡಿನವರೆಗೂ ಪಾಚಿ ಬೆಳೆಸಬಲ್ಲದು. ಬೆಳ್ಳಂದೂರು ಕೆರೆಯ ನೊರೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿ ಚರಂಡಿ ನೀರು ಬಂತು, ಇಲ್ಲಿ ಗೊಬ್ಬರ ನಮ್ಮ ಚೆಂದದ ಅಂಗಳದಿಂದಲೇ ಹೋಗುತ್ತೆ. ನಾನು ದಡದುದ್ದಕ್ಕೂ ಹತ್ತು ಅಡಿ ಕತ್ತರಿಸದೇ ಬಿಟ್ಟಿದ್ದೇನೆ. ನೋಡೋಕೆ ಕಾಡು ಅಂತಾಳೆ ನನ್ನ ಹೆಂಡತಿ, ಆದರೆ ಬಾತುಕೋಳಿಗಳು ಬಂದು ಕೂತಾಗ ಫೋಟೋ ತೆಗೆಯೋಳು ಅವಳೇ.

ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಾದರೆ ಅಡುಗೆಮನೆಯಿಂದಲೇ ಎಚ್ಚರ ಬೇಕು. ಬೋಂಡಾ ಕರಿದ ಎಣ್ಣೆ ಸಿಂಕಿಗೆ ಸುರಿಯಬೇಡಿ, ಹಳೇ ಡಬ್ಬಕ್ಕೆ ತುಂಬಿ ಕಸಕ್ಕೆ ಹಾಕಿ. ಮೂರು ವರ್ಷಕ್ಕೊಮ್ಮೆಯಾದರೂ ಟ್ಯಾಂಕ್ ತೆರೆಸಿ ನೋಡಿಸಲೇಬೇಕು. ಸತ್ಯನಾರಾಯಣ ಪೂಜೆಗೆ ನಲವತ್ತು ಜನ ಬರುವ ದಿನ ವಾಷಿಂಗ್ ಮೆಷೀನ್ ಹಾಕಬೇಡಿ. ಚಳಿಗಾಲದಲ್ಲಿ ಹಿಮ ಕರಗಿಸೋಕೆ ಡ್ರೈವ್‌ವೇಗೆ ಉಪ್ಪು ಚೆಲ್ಲುವಾಗಲೂ ಕೈ ಬಿಗಿ ಇರಲಿ: ಒಂದು ಟೀ ಚಮಚ ಉಪ್ಪು ಸಾಕು, ಐದು ಗ್ಯಾಲನ್ ನೀರು ಕೆಡುತ್ತೆ, ಮತ್ತೆ ಬೇರ್ಪಡಿಸೋಕೆ ಆಗಲ್ಲ.

ಗಣೇಶನ ವಿಷಯ ಹೇಳಲೇಬೇಕು. ಹಿತ್ತಲಲ್ಲೇ ಕೆರೆ ಇದೆ, ಅಲ್ಲೇ ಬಿಡೋಣ ಅನ್ನಿಸುತ್ತೆ. ಬೇಡ. ಮಣ್ಣಿನ ಗಣಪತಿ ತನ್ನಿ, ಬಕೆಟ್ಟಿನಲ್ಲಿ ಕರಗಿಸಿ ಗಿಡದ ಬುಡಕ್ಕೆ ಹಾಕಿ. ನಮ್ಮ ಮನೆಯ ಸೇವಂತಿಗೆ ಪ್ರತಿ ವರ್ಷ ಅದೇ ಪ್ರಸಾದ.

ಹಳೇ ಡಾಕ್ (ದೋಣಿ ಕಟ್ಟೋಕೆ ದಡದಿಂದ ನೀರಿಗೆ ಚಾಚುವ ಹಲಗೆಕಟ್ಟೆ) ಸಸ್ತಾ ಸಿಗ್ತು ಅಂತ ಬೇರೆ ಕೆರೆಯಿಂದ ತಂದರೆ, 21 ದಿನ ಒಣಗಿಸದೆ ನೀರಿಗಿಳಿಸುವಂತಿಲ್ಲ. ಜೀಬ್ರಾ ಮಸೆಲ್ ಅನ್ನೋ ಉಗುರಿನಷ್ಟು ಚಿಪ್ಪುಜೀವಿ ಹೀಗೇ ಒಂದು ಕೆರೆಯಿಂದ ಇನ್ನೊಂದಕ್ಕೆ ಹಬ್ಬೋದು. 2010ರಲ್ಲಿ ಮಿನ್ನೆಟೊಂಕಾ ಕೆರೆಯಲ್ಲಿ ಕಾಣಿಸಿಕೊಂಡಿತು, ಹೋಗಲಿಲ್ಲ. ನೆಂಟರು ದೋಣಿ ಎಳೆದುಕೊಂಡು ಬಂದರೂ ಒಳಗಿನ ನೀರು ಹೊರಬಿಡುವ ಬಿರಡೆ, ಅಂದರೆ ಡ್ರೈನ್ ಪ್ಲಗ್, ತೆಗೆದಿದ್ದಾರಾ ನೋಡಿ, ದಾರಿಯಲ್ಲಿ ಅದು ತೆಗೆದೇ ಇರಬೇಕು.

ನೀರು ಹೆಪ್ಪುಗಟ್ಟುವ ಮೊದಲು, ಅಕ್ಟೋಬರಿನಲ್ಲೇ, ಡಾಕ್ ಮೇಲೆಳೆದುಬಿಡಿ. ಒಬ್ಬರ ಕೈಲಾಗುವ ಕೆಲಸವಲ್ಲ. ಪಕ್ಕದ ಮನೆಯವರನ್ನು ಕರೆಯಿರಿ, ಬಿಸಿ ಬಿಸಿ ಉಪ್ಪಿಟ್ಟು ಕೊಡಿ. ಅಜ್ಜನೂ ನಾನೂ ಮಾತಾಡಲು ಶುರುಮಾಡಿದ್ದು ಹಾಗೇನೇ.