ಪಹಣಿಯ ‘ಎಕರೆ’ಯನ್ನು ಹಿಡಿದು ಪದದ ಬೇರು ಹುಡುಕುವ ಬಗೆ

ಚಿಕ್ಕಮಗಳೂರಿನ ಯಾವುದಾದರೂ ತೋಟದ ಪಹಣಿಯನ್ನು ಬಿಡಿಸಿದರೆ ವಿಸ್ತೀರ್ಣದ ಅಂಕಣದಲ್ಲಿ 2-20 ಎಂಬಂಥ ಬರಹ ಸಿಗುತ್ತದೆ. ಹೊಸಬರು ಇದನ್ನು ದಶಾಂಶವೆಂದು ಓದಿ ಮೋಸ ಹೋಗುವುದುಂಟು, ಆದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ನಮ್ಮದೇ ಆಗಿಹೋಗಿರುವ ಈ ‘ಎಕರೆ’ ಇಂಗ್ಲಿಷಿನಿಂದ ಬಂದದ್ದು, ಅಲ್ಲಿಯೂ ಬಹಳ ಹಳೆಯದು. ಪದವೊಂದರ ಮೂಲವನ್ನು ಹುಡುಕುವ ಕ್ರಮವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪದ ನನಗೆ ತೋರದು.

ಮೊದಲು ಇಂದಿನ ಅರ್ಥವನ್ನು ಬದಿಗಿಟ್ಟು ಅತ್ಯಂತ ಹಳೆಯ ಅರ್ಥವನ್ನು ನೋಡಬೇಕು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಅರ್ಥಗಳನ್ನು ಕಾಲಕ್ರಮದಲ್ಲಿ ಜೋಡಿಸುವುದರಿಂದ ಈ ಕೆಲಸಕ್ಕೆ ಅನುಕೂಲ. ಸುಮಾರು 1100ರವರೆಗಿನ ಹಳೆಯ ಇಂಗ್ಲಿಷಿನಲ್ಲಿ ‘ಆ್ಯಕರ್’ ಎಂದರೆ ಮೊದಮೊದಲು ಅಳತೆಯಲ್ಲ, ಬರಿಯ ಹೊಲ. ಬರಬರುತ್ತಾ ಅದು ಒಂದು ಜೊತೆ ಎತ್ತು ಒಂದು ದಿನದಲ್ಲಿ ಉಳಬಹುದಾದ ನೆಲವೆಂದಾಯಿತು; ಕೊನೆಗೆ 220 ಗಜ ಉದ್ದ, 22 ಗಜ ಅಗಲದ ಪಟ್ಟಿಗೆ, ಅಂದರೆ 4840 ಚದರ ಗಜಕ್ಕೆ, ನಿಂತಿತು. ಆ ಉದ್ದಕ್ಕೆ ಹೆಸರು ಫರ್ಲಾಂಗು. ಆ ಪದದ ಮೂಲಾರ್ಥವೇ ನೇಗಿಲ ಸಾಲಿನ ಉದ್ದ. ಅಗಲವಾದ 66 ಅಡಿಯಲ್ಲಿ ಅರ್ಧ 33 ಅಡಿ, ಅಷ್ಟುದ್ದ ಅಷ್ಟಗಲದ ಚೌಕವೇ ನಮ್ಮ ಗುಂಟೆ. ಅಂಥ ನಲವತ್ತು ಸೇರಿದರೆ ಒಂದು ಎಕರೆ.

ಅನಂತರ ನೆಂಟ ಭಾಷೆಗಳನ್ನು ಕೇಳಬೇಕು. ಹೊಲಕ್ಕೆ ಲ್ಯಾಟಿನ್ನಿನಲ್ಲಿ ‘ಆಗೆರ್’, ಗ್ರೀಕಿನಲ್ಲಿ ‘ಅಗ್ರೋಸ್’, ಜರ್ಮನ್ನಿನಲ್ಲಿ ‘ಆಕರ್’, ಸಂಸ್ಕೃತದಲ್ಲಿ ‘ಅಜ್ರ’. ಕೇಳಲು ಹೋಲುತ್ತವೆ ಎಂಬುದಷ್ಟೇ ಸಾಲದು. ಒಂದೇ ಬಗೆಯ ಧ್ವನಿವ್ಯತ್ಯಾಸ ಬೇರೆ ಪದಗಳಲ್ಲಿಯೂ ಮರುಕಳಿಸಬೇಕು. ಮೊಣಕಾಲಿಗೆ ಸಂಸ್ಕೃತದಲ್ಲಿ ‘ಜಾನು’, ಲ್ಯಾಟಿನ್ನಿನಲ್ಲಿ ‘ಗೆನು’, ಜರ್ಮನ್ನಿನಲ್ಲಿ ‘ಕ್ನೀ’: ಇಲ್ಲಿಯೂ ಜ, ಗ, ಕ ಎಂಬ ಅದೇ ಸಾಲು ಇರುವುದರಿಂದ ನೆಂಟಸ್ತಿಕೆ ನಿಲ್ಲುತ್ತದೆ. ಉಪ್ಪಿನ ‘ಆಗರ’ವನ್ನು ಲ್ಯಾಟಿನ್ನಿನ ‘ಆಗೆರ್’ಗೆ ಗಂಟುಹಾಕುವವರು ಇಲ್ಲೇ ಜಾರುತ್ತಾರೆ, ಆಗರವು ಸಂಸ್ಕೃತದ ‘ಆಕರ’ದ ತದ್ಭವ, ಹೊಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಜನರು ಕಟ್ಟಿದ ವಿವರಣೆಯನ್ನೂ ಪರೀಕ್ಷಿಸದೆ ಒಪ್ಪಬಾರದು. ಓಕ್ ಮರದ ಕಾಯಿಗೆ ಇಂಗ್ಲಿಷಿನಲ್ಲಿರುವ ‘ಏಕಾರ್ನ್’ ಎಂಬ ಹೆಸರನ್ನು ಓಕ್ ಮತ್ತು ಕಾರ್ನ್ ಸೇರಿ ಆದದ್ದೆಂದು ಇಂಗ್ಲಿಷರೇ ನಂಬಿ, ಕಾಗುಣಿತವನ್ನೂ ಅದಕ್ಕೆ ತಕ್ಕಂತೆ ತಿರುಗಿಸಿದರು. ಹಳೆಯ ರೂಪವಾದ ‘ಆ್ಯಕರ್ನ್’ ನೋಡಿದರೆ ಅದೂ ‘ಆ್ಯಕರ್’ನ ಬಳಗದ್ದೇ, ಬಯಲಿನ ಫಲ.