ಕೆಂಪು ಶಾಯಿಯ ‘ನೀಲಿ’: ಗಮನ ಎಲ್ಲಿ ಎಡವುತ್ತದೆ, ಮನೆಯಲ್ಲೇ ಅಳೆಯಿರಿ

ಓದಲು ಬರುವವರ ಕಣ್ಣಿಗೆ ಪದವೊಂದು ಬಿದ್ದರೆ ಸಾಕು, ಓದದೆ ಇರಲು ಆಗುವುದಿಲ್ಲ. ಬಸ್ಸಿನಲ್ಲಿ ಕೂತಾಗ ಅಂಗಡಿ ಬೋರ್ಡುಗಳನ್ನು ಸುಮ್ನೆ ಓದುತ್ತಾ ಹೋಗುತ್ತೇವೆ, ಅಲ್ವಾ? ಈ ಅಭ್ಯಾಸವೇ ಕೆಲಸಕ್ಕೆ ಅಡ್ಡ ಬಂದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಅಳೆದು ತೋರಿಸಿದರು. ಅದನ್ನೇ ಕನ್ನಡದಲ್ಲಿ ಮಾಡಲು ಎರಡು ಬಿಳಿ ಹಾಳೆ, ನಾಲ್ಕು ಸ್ಕೆಚ್ ಪೆನ್, ಒಂದು ಮೊಬೈಲ್ ಸಾಕು.

ಕೆಂಪು, ನೀಲಿ, ಹಸಿರು, ಕಂದು ಪೆನ್ ಇಟ್ಟುಕೊಳ್ಳಿ. ಹಳದಿ ಬೇಡ, ಬಿಳಿ ಹಾಳೆಯ ಮೇಲೆ ಕಾಣುವುದೇ ಇಲ್ಲ. ಮೊದಲ ಹಾಳೆಯಲ್ಲಿ ಸಾಲಿಗೆ ಐದರಂತೆ ನಾಲ್ಕು ಸಾಲು ಚೌಕ ಬರೆದು ಬಣ್ಣ ತುಂಬಿ. ಎರಡನೆಯದರಲ್ಲಿ ಚೌಕದ ಬದಲು ಬಣ್ಣದ ಹೆಸರು ಬರೆಯಿರಿ, ಆದರೆ ತಪ್ಪು ಶಾಯಿಯಲ್ಲಿ: ‘ನೀಲಿ’ ಕೆಂಪಿನಲ್ಲಿ, ‘ಹಸಿರು’ ಕಂದಿನಲ್ಲಿ. ಎರಡೂ ಹಾಳೆಯಲ್ಲಿ ಪ್ರತಿ ಬಣ್ಣ ಐದೈದು ಸಲ ಬರಲಿ, ಒಂದೇ ಬಣ್ಣ ಪಕ್ಕಪಕ್ಕ ಬೇಡ.

ಈಗ ಮನೆಯವರೊಬ್ಬರನ್ನು ಕೂರಿಸಿ. ಶಾಯಿಯ ಬಣ್ಣವನ್ನಷ್ಟೇ ಹೇಳಬೇಕು. ತಪ್ಪಿದರೆ ಅಲ್ಲೇ ತಿದ್ದಿ ಮುಂದೆ ಹೋಗಬೇಕು. ಹಾಳೆ ತಿರುಗಿಸಿದ ಕೂಡಲೇ ಸ್ಟಾಪ್‌ವಾಚ್ ಒತ್ತಿ. ಒಬ್ಬರಿಗೆ ಚೌಕ ಮೊದಲು, ಇನ್ನೊಬ್ಬರಿಗೆ ಪದ ಮೊದಲು ಕೊಡಿ. ಇಲ್ಲವಾದರೆ ರೂಢಿಯಾಗಿ ಎರಡನೇ ಹಾಳೆ ತಾನಾಗಿ ಸಲೀಸಾಗಬಹುದು. ಕಣ್ಣು ಕಿರಿದು ಮಾಡಿ ಅಕ್ಷರ ಮಸುಕಾಗಿಸಿಕೊಳ್ಳುವ ಜಾಣರೂ ಇರುತ್ತಾರೆ, ಬಿಡಬೇಡಿ! ಕೆಂಪು, ಹಸಿರು ಗುರುತಿಸಲು ಕಷ್ಟಪಡುವವರನ್ನು ಮಾತ್ರ ಕೂರಿಸಬೇಡಿ.

ಚೌಕಗಳು ಸರಸರ ಮುಗಿಯುತ್ತವೆ. ಪದಗಳಲ್ಲಿ “ನೀ... ಅಲ್ಲ, ಕೆಂಪು” ಶುರುವಾಗುತ್ತದೆ. ಧ್ವನಿ ಜೋರಾಗುತ್ತದೆ, ಬೆರಳು ಹಾಳೆಗೆ ಬರುತ್ತದೆ. ಸ್ಟ್ರೂಪ್ ಅವರ ವಿದ್ಯಾರ್ಥಿಗಳಿಗೆ 100 ಚೌಕಗಳ ಬಣ್ಣ ಹೇಳಲು ಸರಾಸರಿ 63 ಸೆಕೆಂಡ್ ಬೇಕಾಯಿತು. ಪದಗಳ ಶಾಯಿ ಹೇಳಲು 110!

ಇದನ್ನೇ ತಿರುಗಿಸಿ ನೋಡಿ. ಶಾಯಿ ಮರೆತು ಪದ ಓದಿ ಎಂದರೆ ಬಣ್ಣ ಅಷ್ಟಾಗಿ ಕಾಡುವುದಿಲ್ಲ. ಸ್ಟ್ರೂಪ್ ಅವರ ಪರೀಕ್ಷೆಯಲ್ಲಿ ಕಪ್ಪು ಶಾಯಿಯ 100 ಪದಗಳಿಗಿಂತ ಇದಕ್ಕೆ ಜಾಸ್ತಿಯಾಗಿದ್ದು ಎರಡು ಸೆಕೆಂಡಿನ ಆಸುಪಾಸು. ಓದು ನಮಗೆ ಅಷ್ಟು ರೂಢಿಯಾಗಿದೆ. ಬಣ್ಣದ ಹೆಸರು ನಾಲಿಗೆಗೆ ಬರುವ ಮೊದಲೇ ಪದ ಬಂದು ನಿಂತಿರುತ್ತದೆ. ಅಂದರೆ ಇಲ್ಲಿ ಗಮನ ಕೆಡಿಸುವುದು ಹೊರಗಿನ ಗಲಾಟೆಯಲ್ಲ, ನಾವೇ ಕಲಿತ ವಿದ್ಯೆ.

ಬಣ್ಣ ಗೊತ್ತಿದ್ದು ಅಕ್ಷರ ಬಾರದ ಪುಟ್ಟ ಮಗುವಿಗೆ ಕೊಟ್ಟು ನೋಡಿ, ಈ ತೊಡಕೇ ಇರುವುದಿಲ್ಲ. ಕನ್ನಡವನ್ನು ತಡವರಿಸಿ ಓದುವ ಇಂಗ್ಲಿಷ್ ಮೀಡಿಯಂ ಮಕ್ಕಳಿದ್ದರೆ ಇಂಗ್ಲಿಷ್ ಪದಗಳ ಮೂರನೇ ಹಾಳೆಯೂ ಇರಲಿ. ಅವರು ಎಡವುವುದು ಅದರಲ್ಲೇ ಹೆಚ್ಚು. ಹಾಳೆ ಯಾವ ಭಾಷೆಯದೋ ಉತ್ತರವೂ ಅದೇ ಭಾಷೆಯಲ್ಲಿರಲಿ.