ಲಿನಕ್ಸ್‌ನಲ್ಲಿ ಇಮೇಲ್ ಕ್ಲೈಂಟ್: ನಾನು ಆರಿಸಿಕೊಂಡ ಬಗೆ

ಮೈಸೂರು–ಬೆಂಗಳೂರು ರೈಲಿನಲ್ಲಿ ಶ್ರೀರಂಗಪಟ್ಟಣ ದಾಟಿದರೆ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಹಳೆಯ ಮೇಲ್ ಹುಡುಕಬೇಕಾಗಿ ಬರುವುದೂ ಆಗಲೇ. ಅದಕ್ಕೇ ಯಾವ ಕ್ಲೈಂಟ್ (ಮೇಲ್ ಓದುವ, ಕಳಿಸುವ ತಂತ್ರಾಂಶ) ಎನ್ನುವ ಮೊದಲು, ಮೇಲ್ ನನ್ನ ಡಿಸ್ಕಿನಲ್ಲಿ ಯಾವ ರೂಪದಲ್ಲಿರಬೇಕು ಎಂದು ತೀರ್ಮಾನಿಸಿದೆ.

ಥಂಡರ್‌ಬರ್ಡ್ ಎಂಬ ಕ್ಲೈಂಟ್ ತಾನಾಗಿ ಬಳಸುವುದು ಎಂಬಾಕ್ಸ್ ರೂಪ: ಒಂದು ಫೋಲ್ಡರಿನ ಮೇಲ್ ಎಲ್ಲ ಒಂದೇ ಫೈಲು. ಅಳಿಸಿದ ಮೇಲ್ ಕೂಡ ಕಾಂಪ್ಯಾಕ್ಟ್ ಮಾಡುವ (ಫೈಲು ಹಿಂಡಿ ಚಿಕ್ಕದಾಗಿಸುವ) ತನಕ ಅದರೊಳಗೇ ಇರುತ್ತದೆ. ಒಂದು ಹೊಸ ಮೇಲ್ ಬಂದರೂ ಇಡೀ ಫೈಲು ಬದಲಾದ ಲೆಕ್ಕ. ಇನ್ನೊಂದು ರೂಪವಾದ ಮೇಲ್‌ಡಿರ್‌ನಲ್ಲಿ ಮೇಲ್‌ಗೊಂದು ಫೈಲು. ಓದಿದ್ದರೆ ಫೈಲಿನ ಹೆಸರಿನ ಕೊನೆಗೆ ಎಸ್, ಉತ್ತರ ಬರೆದಿದ್ದರೆ ಆರ್ ಸೇರುತ್ತದೆ. ನಾಳೆ ಕ್ಲೈಂಟ್ ಬದಲಿಸಿದರೂ ಮೇಲ್ ಅಲ್ಲೇ ಇರುತ್ತದೆ. ನನ್ನ ಆಯ್ಕೆ ಇದೇ.

ಸರ್ವರ್‌ನಿಂದ ಮೇಲ್ ಇಳಿಸಲು ಎಂಬಿಸಿಂಕ್ ಎಂಬ ತಂತ್ರಾಂಶ, ಪೋರ್ಟ್ 993. ಜಿಮೇಲ್‌ಗೆ ಮಾಮೂಲಿ ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡುವುದಿಲ್ಲ; ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. 'ಆಲ್ ಮೇಲ್' ಫೋಲ್ಡರನ್ನು ಬಿಟ್ಟುಬಿಡಿ, ಇಲ್ಲದಿದ್ದರೆ ಇನ್‌ಬಾಕ್ಸಿನ ಮೇಲ್ ಎಲ್ಲ ಎರಡೆರಡು ಪ್ರತಿ ಇಳಿಯುತ್ತದೆ. ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲ್ ಓದುವ, ಇಳಿಸುವ ವಿಧಾನ) ಮೂಲಕ ಜಿಮೇಲ್‌ನಿಂದ ದಿನಕ್ಕೆ 2500 ಎಂಬಿ ಮಾತ್ರ ಇಳಿಸಬಹುದು. 10 ಜಿಬಿ ಇದ್ದರೆ ನಾಲ್ಕೈದು ದಿನ ಇಟ್ಟುಕೊಂಡು, ಫೋಲ್ಡರ್ ಫೋಲ್ಡರಾಗಿ ತನ್ನಿ. ಎಲ್ಲ ಸರಿಯಾಗಿ ಇಳಿದಿದೆ ಎಂದು ಖಾತ್ರಿಯಾಗುವವರೆಗೆ ಅಳಿಸಿದ ಮೇಲನ್ನು ಶಾಶ್ವತವಾಗಿ ತೆಗೆಯುವ ಎಕ್ಸ್‌ಪಂಜ್ ಸೆಟ್ಟಿಂಗ್ 'ನನ್' (ಎಲ್ಲೂ ಬೇಡ) ಎಂದೇ ಇರಲಿ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಎಂಬಿಸಿಂಕ್ ಪ್ರತಿ ಫೈಲಿನ ಹೆಸರಿನಲ್ಲಿ ಅಲ್ಪವಿರಾಮ, ಯು, ಸಮಚಿಹ್ನೆ, ಒಂದು ಸಂಖ್ಯೆ ಬರೆದಿಡುತ್ತದೆ. ಆ ಸಂಖ್ಯೆ (ಯುಐಡಿ) ಆ ಫೋಲ್ಡರಿಗೆ ಮಾತ್ರ ಸೇರಿದ್ದು. ಫೈಲನ್ನು ಕೈಯಾರೆ ಬೇರೆ ಫೋಲ್ಡರಿಗೆ ಸರಿಸಿದರೆ ಹಳೆಯ ಸಂಖ್ಯೆಯೂ ಜೊತೆಗೆ ಹೋಗಿ, ಅಲ್ಲಿ ಅದೇ ಸಂಖ್ಯೆಯ ಇನ್ನೊಂದು ಮೇಲ್ ಇದ್ದರೆ 'ಡೂಪ್ಲಿಕೇಟ್ ಯುಐಡಿ' ಎಂದು ಸಿಂಕ್ ನಿಲ್ಲುತ್ತದೆ. ಸರಿಸಿದ ಫೈಲಿನ ಹೆಸರಿನಿಂದ ಅಷ್ಟು ಭಾಗ ತೆಗೆದರೆ ಸಾಕು, ಹೊಸ ಸಂಖ್ಯೆ ಅದೇ ಹಾಕಿಕೊಳ್ಳುತ್ತದೆ.

ಕಳಿಸುವುದಕ್ಕೆ ಎಂಎಸ್‌ಎಂಟಿಪಿ, ಪೋರ್ಟ್ 587. ಕಳಿಸಿದ ಮೇಲ್ ಪ್ರತಿಯನ್ನು ಜಿಮೇಲ್ ತಾನೇ ಇಟ್ಟುಕೊಳ್ಳುವುದರಿಂದ ಟರ್ಮಿನಲ್‌ನಲ್ಲಿ (ಅಕ್ಷರ ಮಾತ್ರ ತೋರುವ ಕಿಟಕಿಯಲ್ಲಿ) ಓಡುವ ಕ್ಲೈಂಟ್ ನಿಯೋಮಟ್‌ನ, ಆ ಪ್ರತಿ ಉಳಿಸುವ ರೆಕಾರ್ಡ್ ಸೆಟ್ಟಿಂಗ್ ಖಾಲಿ ಬಿಡಿ.

ಓದಲು ನಿಯೋಮಟ್, ಹುಡುಕಲು ನಾಟ್‌ಮಚ್. ನಾಟ್‌ಮಚ್‌ಗೆ ಕನ್ನಡದ ವಿಭಕ್ತಿ ಗೊತ್ತಿಲ್ಲ. 'ಮೈಸೂರು' ಎಂದು ಹುಡುಕಿದರೆ 'ಮೈಸೂರಿನಲ್ಲಿ' ಸಿಗುವುದಿಲ್ಲ. ಕೊನೆಯ ಉಕಾರ ಬಿಟ್ಟು 'ಮೈಸೂರ*' ಎಂದು ಕೊಡಿ, ಎರಡೂ ಸಿಗುತ್ತವೆ.

ಆದರೆ ಕನ್ನಡ ಓದುವುದಕ್ಕೆ ಟರ್ಮಿನಲ್ ಒಗ್ಗುವುದಿಲ್ಲ. ಬಹುತೇಕ ಟರ್ಮಿನಲ್‌ಗಳು ಪರದೆಯನ್ನು ಸಮನಾದ ಚೌಕಗಳಾಗಿ ಹಂಚುತ್ತವೆ; ಒತ್ತಕ್ಷರ ಅದರೊಳಗೆ ಕೂರದೆ ಒಡೆಯುತ್ತದೆ, ಸಾಲು ಆಚೀಚೆ ಸರಿಯುತ್ತದೆ. ಹಾಗಾಗಿ ಕನ್ನಡ ಮೇಲ್‌ಗೂ ಚಿತ್ರಗಳಿರುವ ಮೇಲ್‌ಗೂ ಥಂಡರ್‌ಬರ್ಡನ್ನೂ ಇಟ್ಟುಕೊಂಡಿದ್ದೇನೆ. ಅದು ಐಮ್ಯಾಪ್‌ನಲ್ಲಿ ನೇರ ಸರ್ವರ್‌ಗೇ ಹೋಗುತ್ತದೆ, ಮೇಲ್‌ಡಿರ್ ಮುಟ್ಟುವುದಿಲ್ಲ. ಡೆಬಿಯನ್‌ನಲ್ಲಿ ಗುಬ್ಬಿ ಅಥವಾ ನೋಟೋ ಕನ್ನಡ ಫಾಂಟ್ ಹಾಕಿದರೆ ಅಕ್ಷರ ಸ್ಪಷ್ಟ. ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಬರೆದ ಮೇಲ್ ಮಾತ್ರ ಯಾವ ಕ್ಲೈಂಟಿನಲ್ಲೂ ಇಂಗ್ಲಿಷ್ ಅಕ್ಷರಗಳ ಗೋಜಲಾಗಿಯೇ ಕಾಣುತ್ತದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಓದಬೇಕು.

ಆಫೀಸಿನಲ್ಲಿ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್) ಇದ್ದವರು ಎವಲ್ಯೂಷನ್ ಎಂಬ ಕ್ಲೈಂಟ್ ನೋಡಲಿ. 2 ಜಿಬಿ ರ‍್ಯಾಮಿನ ಹಳೆಯ ಮಷೀನಿಗೆ ಕ್ಲಾಸ್ ಮೇಲ್ ಹಗುರ, ಎಚ್‌ಟಿಎಂಎಲ್ ಮೇಲ್ ನೋಡಲು ಅದಕ್ಕೆ ಪ್ಲಗಿನ್ ಹಾಕಿಕೊಳ್ಳಬೇಕು.

ಬ್ಯಾಕಪ್ಪಿಗೆ ಮೇಲ್‌ಡಿರನ್ನು ನೇರವಾಗಿ ಫ್ಯಾಟ್32 ಪೆನ್‌ಡ್ರೈವಿಗೆ ಕಾಪಿ ಮಾಡಬೇಡಿ. ಫೈಲಿನ ಹೆಸರುಗಳಲ್ಲಿ ಕೋಲನ್ ಇರುತ್ತದೆ, ಫ್ಯಾಟ್ ಅದನ್ನು ಒಪ್ಪುವುದಿಲ್ಲ. ಟಾರ್ ಮಾಡಿ ಒಂದೇ ಫೈಲಾಗಿಸಿದರೂ ಫ್ಯಾಟ್32ರಲ್ಲಿ ಒಂದು ಫೈಲಿಗಿರುವ 4 ಜಿಬಿಯ ಮಿತಿ ಅಡ್ಡ ಬರುತ್ತದೆ. ಪೆನ್‌ಡ್ರೈವನ್ನು ಲಿನಕ್ಸ್‌ನ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ ಆರ್‌ಸಿಂಕ್ ಎಂಬ ಕಾಪಿ ಮಾಡುವ ತಂತ್ರಾಂಶ ಓಡಿಸಿ. ಎರಡನೇ ಸಲದಿಂದ ಹೊಸ ಮೇಲ್ ಮತ್ತು ಹೆಸರು ಬದಲಾದ ಫೈಲುಗಳು ಮಾತ್ರ ಹೋಗುತ್ತವೆ.